ಹೆರ್ಮನ್ ಮೊಗ್ಲಿಂಗರ ಜೀವಿತ: ಅಪೊಸ್ತಲರ ಪ್ರಯಾಣಗಳ ಬೆಳಕಿನಲ್ಲಿ

ಅಪೊಸ್ತಲರ ಕೃತ್ಯಗಳ ಹದಿಮೂರನೆಯ ಅಧ್ಯಾಯವನ್ನು ತೆರೆದು ಓದುವವರಿಗೆ ಒಂದು ಸಂಗತಿಯು ಆಶ್ಚರ್ಯವನ್ನುಂಟುಮಾಡುತ್ತದೆ. ಪೌಲನ ಮೊದಲನೆಯ ಸುವಾರ್ತಾಪ್ರಯಾಣವು ಯೆರೂಸಲೇಮಿನಿಂದ ಹೊರಡಲಿಲ್ಲ. ಸುರಿಯದ ಅಂತಿಯೋಕ್ಯದಿಂದ ಹೊರಟಿತು. ಆ ಅಂತಿಯೋಕ್ಯದಲ್ಲಿ ಮೊದಲು ಸುವಾರ್ತೆಯನ್ನು ಬಿತ್ತಿದವರು ಅಪೊಸ್ತಲರಲ್ಲ. ಸ್ತೆಫನನ ಮರಣದ ಕಾಲದಲ್ಲಿ ಹಿಂಸೆಗೆ ಸಿಕ್ಕಿ ಚದರಿಹೋದ ಸಾಮಾನ್ಯ ವಿಶ್ವಾಸಿಗಳು ಹೋದ ಹೋದ ಊರುಗಳಲ್ಲಿ ಕರ್ತನ ವಿಷಯವಾಗಿ ಮಾತಾಡಿದರು. ಅವರ ಹೆಸರುಗಳನ್ನು ಸಹ ಲೂಕನು ಬರೆದಿಡಲಿಲ್ಲ. ಹೀಗೆ ಹೆಸರಿಲ್ಲದವರಿಂದ ಹುಟ್ಟಿದ ಸಭೆಯು, ಕೆಲವು ವರುಷಗಳೊಳಗೆ ತನ್ನ ಬೋಧಕರಲ್ಲಿ ಇಬ್ಬರನ್ನು, ಅಂದರೆ ಬಾರ್ನಬನನ್ನೂ ಪೌಲನನ್ನೂ, ಉಪವಾಸ ಪ್ರಾರ್ಥನೆಗಳೊಡನೆ ದೂರದ ಊರುಗಳಿಗೆ ಕಳುಹಿಸಿಕೊಟ್ಟಿತು. ಪ್ರಯಾಣದ ಕೊನೆಯ ಊರಾಗಿದ್ದ ಸ್ಥಳವೇ ಇನ್ನೊಂದು ಪ್ರಯಾಣದ ಮೊದಲನೆಯ ಊರಾಯಿತು.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಗಳಲ್ಲಿರುವ ನಮ್ಮ ಸಭೆಗಳು ಬಹುಮಟ್ಟಿಗೆ ಚಿಕ್ಕವು. ಒಂದೊಂದು ಊರಿನಲ್ಲಿ ಕೆಲವೇ ಮನೆಗಳು. ಸಭಾಪಾಲಕರು ಅನೇಕ ಊರುಗಳನ್ನು ನೋಡಿಕೊಳ್ಳಬೇಕಾದದರಿಂದ ಪ್ರತಿ ಭಾನುವಾರವೂ ಪ್ರತಿಯೊಂದು ಊರಿಗೆ ಬರಲಾರರು. ಇದರಿಂದ ನಮ್ಮಲ್ಲಿ ಒಂದು ವಿಚಾರವು ಬೇರೂರಿದೆ. ಮಿಶನ್ನಿನ ಕಾಲವು ಮುಗಿದುಹೋಯಿತು, ಸುವಾರ್ತೆಯ ಕೆಲಸಕ್ಕೆ ಹೊರಗಿನಿಂದ ಯಾರಾದರೂ ಬರಬೇಕು, ಬಾರದಿದ್ದರೆ ಆ ಕೆಲಸವು ನಿಂತುಹೋಗುವದು ಎಂಬದೇ ಆ ವಿಚಾರ. ಇದು ಸತ್ಯವಾಗಿದ್ದರೆ ನಮ್ಮ ಮಕ್ಕಳ ಕಾಲಕ್ಕೆ ಈ ಸಭೆಗಳ ಗತಿಯೇನು? ಇದನ್ನು ತೂಗಿ ನೋಡುವದಕ್ಕೋಸ್ಕರ, ಹೊರಗಿನಿಂದ ನಮ್ಮ ಕನ್ನಡನಾಡಿಗೆ ಬಂದವರಲ್ಲಿ ಹೆಸರಾದ ಒಬ್ಬರ ಜೀವಿತವನ್ನು ಈ ಸಾರಿ ನಿಮ್ಮ ಮುಂದೆ ಇಡುತ್ತೇವೆ. ಆ ಜೀವಿತದ ಒಂದೊಂದು ಘಟ್ಟದಲ್ಲಿಯೂ ಪೌಲನ ಪ್ರಯಾಣಗಳ ಒಂದೊಂದು ಊರು ನಮಗೆ ಕಾಣಿಸುವದು.

೧. ಹುಟ್ಟು, ಕರೆ ಮತ್ತು ಧಾರವಾಡದ ದಾರಿ

ಹೆರ್ಮನ್ ಫ್ರೀಡ್ರಿಕ್ ಮೊಗ್ಲಿಂಗರು ೧೮೧೧ನೆಯ ಇಸವಿ ಮೇ ೨೯ರಂದು ಜರ್ಮನಿಯ ವ್ಯುರ್ಟೆಂಬೆರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಹುಟ್ಟಿದರು. ಅದು ದ್ರಾಕ್ಷೆತೋಟಗಳ ಸೀಮೆ. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಅವರು ದೇವಜ್ಞಾನಶಾಸ್ತ್ರವನ್ನು ಓದಿದರು. ಅಂಥ ವಿದ್ಯೆಯುಳ್ಳವರಿಗೆ ಸ್ವದೇಶದಲ್ಲಿಯೇ ಸಭಾಪಾಲಕರಾಗಿ, ಮನೆಯೂ ಮರ್ಯಾದೆಯೂ ಉಳ್ಳವರಾಗಿ ಬಾಳುವ ದಾರಿಯು ತೆರೆದಿತ್ತು. ಆದರೂ ಅವರು ಆ ದಾರಿಯನ್ನು ಬಿಟ್ಟು, ೧೮೧೫ರಲ್ಲಿ ಸ್ವಿಟ್ಜರ್ಲಂಡಿನಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನಿನ ಸೇವೆಗೆ ತಮ್ಮನ್ನು ಒಪ್ಪಿಸಿಕೊಟ್ಟರು.

ಇಂಡಿಯದಲ್ಲಿ ಆಗ ಕಂಪೆನಿ ಸರಕಾರವಿತ್ತು. ಬ್ರಿಟಿಷರಲ್ಲದ ಮಿಶನ್ ಸಂಘದವರಿಗೆ ಇಲ್ಲಿ ಕೆಲಸಮಾಡುವ ಬಾಗಿಲು ೧೮೩೩ರ ಕಾನೂನಿನಿಂದ ತೆರೆಯಿತು. ಮರುವರುಷವೇ, ಅಂದರೆ ೧೮೩೪ರಲ್ಲಿ, ಸಮುವೇಲ್ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಹಡಗಿನಿಂದಿಳಿದು ಮಂಗಳೂರಿಗೆ ಬಂದು ನೆಲೆಸಿದರು. ೧೮೩೬ರಲ್ಲಿ ಮೊಗ್ಲಿಂಗರು ಅವರ ಸಂಗಡ ಕೂಡಿಕೊಂಡರು. ಆಗ ಅವರಿಗೆ ಇಪ್ಪತ್ತೈದು ವರುಷ.

೧೮೩೭ರಲ್ಲಿ ಮಿಶನ್ನಿನವರು ಘಟ್ಟದ ಮೇಲೆ ಧಾರವಾಡದಲ್ಲಿ ಒಂದು ಠಾಣ್ಯವನ್ನು ತೆರೆದರು; ಮೊಗ್ಲಿಂಗರು ಅಲ್ಲಿ ಮೊದಲು ಕೆಲಸಮಾಡಿದವರಲ್ಲಿ ಒಬ್ಬರು. ೧೮೩೯ರಲ್ಲಿ ಹುಬ್ಬಳ್ಳಿ, ೧೮೪೧ರಲ್ಲಿ ಬೆಟಗೇರಿ ಠಾಣ್ಯಗಳು ಹುಟ್ಟಿದವು. ಆ ಕಾಲದಲ್ಲಿ ಧಾರವಾಡವು ಬೊಂಬಾಯಿ ಇಲಾಖೆಯ ಒಂದು ಜಿಲ್ಲೆ. ನಮ್ಮ ಹಾನಗಲ್ಲು ಅದರ ಒಂದು ತಾಲೂಕಾಗಿತ್ತು. ಶಿಗ್ಗಾಂವಿಯ ಸುತ್ತಿನ ಸೀಮೆಗೆ ಬಹುಕಾಲ ಬಂಕಾಪುರ ತಾಲೂಕೆಂದೂ, ಹಿರೇಕೆರೂರಿನ ಸೀಮೆಗೆ ಕೋಡ ತಾಲೂಕೆಂದೂ ಹೆಸರಿತ್ತು. ಸವಣೂರು ಮಾತ್ರ ನವಾಬರ ಸಂಸ್ಥಾನವಾಗಿದ್ದು ೧೯೪೮ರ ವರೆಗೂ ಹಾಗೆಯೇ ಉಳಿಯಿತು. ಈ ನಾಲ್ಕೂ ಸೀಮೆಗಳು ೧೯೯೭ರಲ್ಲಿ ಹೊಸದಾಗಿ ಉಂಟಾದ ಹಾವೇರಿ ಜಿಲ್ಲೆಗೆ ಸೇರಿದವು. ಹೀಗಿರಲಾಗಿ, ಧಾರವಾಡದಲ್ಲಿ ಹಚ್ಚಿದ ದೀಪವು ನಮ್ಮ ಸೀಮೆಗೆ ಅಂಗಳದ ದೀಪವೇ ಆಗಿತ್ತು.

ಪೌಲನು ರೋಮ್ ರಾಜ್ಯದ ಕಲ್ಲುಹಾಸಿನ ದಾರಿಗಳಲ್ಲಿ ನಡೆದನು; ಎಲ್ಲಿ ಹೋದರೂ ಗ್ರೀಕ್ ಭಾಷೆಯು ಅವನಿಗೆ ಸಾಕಾಗುತ್ತಿತ್ತು. ಮೊಗ್ಲಿಂಗರಿಗೆ ಇವೆರಡೂ ಇರಲಿಲ್ಲ. ಈ ಸೀಮೆಗೆ ರೈಲು ಬಂದಿರಲಿಲ್ಲ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಯು ಕಾಲನ್ನು ಹಿಡಿದಿಡುವದೆಂಬದು ನಮ್ಮ ರೈತರಿಗೆ ಹೇಳಬೇಕಾಗಿಲ್ಲ. ಭಾಷೆಯನ್ನಾದರೋ ಅಕ್ಷರದಿಂದ ಮೊದಲುಮಾಡಿ ಕಲಿಯಬೇಕಾಯಿತು. ಅವರು ಕಲಿತದ್ದು ಪ್ರಸಂಗಕ್ಕೆ ಬೇಕಾದಷ್ಟು ಮಾತ್ರವಲ್ಲ, ಪುರಾಣ ಕಾವ್ಯಗಳನ್ನು ಓದಿ ಅರ್ಥಮಾಡಿಕೊಳ್ಳುವಷ್ಟು ಕಲಿತರು.

೨. ಲುಸ್ತ್ರ ಮತ್ತು ಮಲಸಮುದ್ರ

ಮೊದಲನೆಯ ಪ್ರಯಾಣದಲ್ಲಿ ಪೌಲನೂ ಬಾರ್ನಬನೂ ಲುಸ್ತ್ರವೆಂಬ ಊರಿಗೆ ಹೋದದ್ದು ನಿಮಗೆ ನೆನಪಿರಬಹುದು (ಅಪೊ. ಕೃ. ೧೪). ಹುಟ್ಟುಕುಂಟನೊಬ್ಬನು ಎದ್ದು ನಡೆದದ್ದನ್ನು ಕಂಡು ಆ ಊರಿನವರು ಇವರಿಬ್ಬರನ್ನು ದೇವತೆಗಳೆಂದು ಭಾವಿಸಿ, ಎತ್ತುಗಳನ್ನೂ ಹೂಮಾಲೆಗಳನ್ನೂ ತಂದರು. ಆದರೆ ಬೇರೆ ಊರಿನವರು ಬಂದು ಕಿವಿಯೂದಿದ ಮೇಲೆ ಅದೇ ಜನರು ಪೌಲನ ಮೇಲೆ ಕಲ್ಲೆಸೆದು, ಸತ್ತನೆಂದು ತಿಳಿದು ಊರ ಹೊರಗೆ ಎಳೆದುಹಾಕಿದರು. ಮಾಲೆ ತಂದ ಕೈಗಳೇ ಕಲ್ಲನ್ನೆತ್ತಿದವು.

ಮೊಗ್ಲಿಂಗರಿಗೂ ಅವರ ಜೊತೆಸೇವಕರಿಗೂ ಇಂಥ ಒಂದು ಲುಸ್ತ್ರವು ಹುಬ್ಬಳ್ಳಿ ಬೆಟಗೇರಿಗಳ ಸೀಮೆಯಲ್ಲಿ ಎದುರಾಯಿತು. ಅಲ್ಲಿ ಕಾಲಜ್ಞಾನದ ಗ್ರಂಥಗಳನ್ನು ನಂಬಿದ ಒಂದು ಪಂಗಡದ ಜನರಿದ್ದರು. ಹೊಸ ಕಾಲವೊಂದು ಬರಲಿದೆಯೆಂದು ನಿರೀಕ್ಷಿಸುತ್ತಿದ್ದ ಇವರಲ್ಲಿ ಕೆಲವರು ಮಿಶನರಿಗಳ ಬಳಿಗೆ ಬಂದು, ತಮ್ಮ ಗ್ರಂಥಗಳು ಹೇಳಿದ ಗುರುಗಳು ಇವರೇ ಇರಬಹುದೆಂದು ತಿಳಿದು ಮಾತುಕತೆ ನಡಿಸಿದರು. ಮಿಶನರಿಗಳ ಹೃದಯವು ಹರ್ಷದಿಂದ ತುಂಬಿತು. ಕುಟುಂಬ ಕುಟುಂಬಗಳೇ ಕ್ರಿಸ್ತನ ಕಡೆಗೆ ತಿರುಗುವವೆಂಬ ನಿರೀಕ್ಷೆ ಹುಟ್ಟಿತು. ಹಾಗೆ ಬರುವವರು ಉತ್ತು ಬಿತ್ತಿ ಜೀವಿಸುವದಕ್ಕೆ ಒಂದು ನೆಲೆ ಬೇಕೆಂದು, ಬೆಟಗೇರಿಯ ಸಮೀಪದ ಮಲಸಮುದ್ರದಲ್ಲಿ ಕ್ರೈಸ್ತರ ಒಕ್ಕಲುತನದ ಊರೊಂದನ್ನು ಕಟ್ಟಲಾರಂಭಿಸಿದರು.

ಆದರೆ ಎದುರುನೋಡಿದ ಜನಸಮೂಹವು ಬರಲಿಲ್ಲ. ಗ್ರಂಥದ ಮಾತು ನೆರವೇರುವದನ್ನು ನೋಡುವ ಆಶೆ ಒಂದು. ಪಾಪವನ್ನು ಬಿಟ್ಟು ಶಿಲುಬೆಯನ್ನು ಹೊರುವ ಮನಸ್ಸು ಇನ್ನೊಂದು. ಮೊದಲನೆಯದು ಇದ್ದಲ್ಲೆಲ್ಲಾ ಎರಡನೆಯದು ಇರುವದಿಲ್ಲ. ಕೆಲವು ವರುಷಗಳ ಕಷ್ಟದ ಬಳಿಕ ಆ ದೊಡ್ಡ ಯೋಜನೆಯನ್ನು ಕೈಬಿಡಬೇಕಾಯಿತು.

ಇಲ್ಲಿ ನಾವು ಎರಡು ಪಾಠಗಳನ್ನು ಕಲಿಯುತ್ತೇವೆ. ಭೂಮಿಯನ್ನಾಗಲಿ ಅನ್ನವನ್ನಾಗಲಿ ಮುಂದಿಟ್ಟು ಕರೆದರೆ, ಬಂದವನು ಯಾವದಕ್ಕೆ ಬಂದನೆಂಬದು ಅವನಿಗೂ ತಿಳಿಯದು, ಕರೆದವನಿಗೂ ತಿಳಿಯದು. ಆದ್ದರಿಂದ ನೆರೆಯವರಿಗೆ ಕಷ್ಟದಲ್ಲಿ ಸಹಾಯ ಮಾಡುವದಾದರೆ, ಅವರು ನೆರೆಯವರಾಗಿರುವದರಿಂದಲೇ ಮಾಡಬೇಕು. ಅದಕ್ಕೆ ಪ್ರತಿಯಾಗಿ ಅವರ ನಂಬಿಕೆಯನ್ನು ಕೇಳಬಾರದು. ಇದು ಮೊದಲನೆಯದು. ಎರಡನೆಯದು ಇದಕ್ಕಿಂತ ಸಮಾಧಾನಕರವಾದದ್ದು. ಕಲ್ಲೆಸೆದ ಆ ಲುಸ್ತ್ರಕ್ಕೆ ಪೌಲನು ಅದೇ ಪ್ರಯಾಣದಲ್ಲಿ ಮರಳಿ ಹೋಗಿ ಶಿಷ್ಯರನ್ನು ದೃಢಪಡಿಸಿದನು. ಮುಂದಿನ ಪ್ರಯಾಣದಲ್ಲಿ ಅಲ್ಲಿಯೇ ಅವನಿಗೆ ತಿಮೊಥೆಯನು ದೊರಕಿದನು. ಮಲಸಮುದ್ರದ ಯೋಜನೆ ಮುರಿದರೂ ಬೆಟಗೇರಿಯನ್ನು ಮಿಶನ್ನಿನವರು ಬಿಡಲಿಲ್ಲ. ಅಲ್ಲಿ ಸಭೆಯು ನಿಂತಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಮಿಶನ್ ಆಸ್ಪತ್ರೆಯೂ ಉಂಟಾಗಿ, ಜಾತಿ ಮತಗಳ ಭೇದವಿಲ್ಲದೆ ರೋಗಿಗಳಿಗೆ ಆಶ್ರಯವಾಯಿತು. ಸೋತ ಊರಿಗೆ ಮರಳಿ ಹೋಗುವವನೇ ತಿಮೊಥೆಯನನ್ನು ಕಾಣುವನು.

೩. ತಿಮೊಥೆಯ ಮತ್ತು ಕೌಂಡಿನ್ಯ

ಧಾರವಾಡದಿಂದ ಮಂಗಳೂರಿಗೆ ಮರಳಿದ ಮೊಗ್ಲಿಂಗರು ಹುಡುಗರಿಗೆ ಕಲಿಸುವ ಕೆಲಸಕ್ಕೆ ಕೈಹಾಕಿದರು. ಬೀದಿಯಲ್ಲಿ ಪ್ರಸಂಗ ಮಾಡುವದನ್ನು ಬಿಟ್ಟು ಶಾಲೆಯಲ್ಲಿ ಕೂತದ್ದು ಕೆಲವರಿಗೆ ಹಿನ್ನಡೆಯಂತೆ ತೋರಿರಬಹುದು. ಆದರೆ ಅವರ ಎಣಿಕೆಯು ಬೇರೆಯಾಗಿತ್ತು. ದೂರದೇಶದಿಂದ ಬಂದವನು ಎಷ್ಟು ಮಂದಿಗೆ ಬೋಧಿಸಿದರೂ ಒಂದು ದಿನ ಹೊರಟುಹೋಗುವನು, ಇಲ್ಲವೆ ಜ್ವರದಿಂದ ಸಾಯುವನು. ಈ ನಾಡಿನಲ್ಲಿ ಹುಟ್ಟಿದವರು ಉಪದೇಶಿಗಳೂ ಸಭಾಪಾಲಕರೂ ಆದರೆ ಮಾತ್ರ ಕೆಲಸವು ನಿಲ್ಲುವದು. ಅವರು ಬಡ ಹುಡುಗರನ್ನು ಕೂಡಿಸಿಕೊಂಡು, ಅವರೊಡನೆ ಸರಳವಾಗಿ ಬಾಳಿ, ಅವರನ್ನು ಸೇವೆಗೆ ಸಿದ್ಧಮಾಡಿದರು. ೧೮೪೭ರಲ್ಲಿ ಮಂಗಳೂರಿನ ಬಲ್ಮಠದಲ್ಲಿ ದೈವಜ್ಞಾನ ಶಾಲೆಯು ನೆಲೆಗೊಂಡಿತು. ನಮ್ಮ ಸಭಾಪಾಲಕರಲ್ಲಿ ಅನೇಕರು ಓದಿದ ಕರ್ನಾಟಕ ತಿಯಲಾಜಿಕಲ್ ಕಾಲೇಜು ಇರುವದು ಆ ಬಲ್ಮಠದಲ್ಲಿಯೇ.

ಮೊಗ್ಲಿಂಗರ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿಗಳಲ್ಲಿ ಆನಂದರಾವ್ ಕೌಂಡಿನ್ಯನೆಂಬ ಬ್ರಾಹ್ಮಣ ತರುಣನಿದ್ದನು. ೧೮೪೪ರ ಜನವರಿಯಲ್ಲಿ ಅವನು ದೀಕ್ಷಾಸ್ನಾನವನ್ನು ಹೊಂದಿದನು. ಇದರಿಂದ ಊರಿನಲ್ಲಿ ದೊಡ್ಡ ಕೋಲಾಹಲವಾಯಿತು. ತಾಯಿತಂದೆ ಬಂಧುಬಳಗಗಳ ಅಗಲಿಕೆಯು ಅವನ ಪಾಲಿಗೆ ಬಂತು. ನಮ್ಮಲ್ಲಿ ಹಿರಿಯರಾದವರಿಗೆ ಈ ನೋವಿನ ಅರ್ಥವು ಚೆನ್ನಾಗಿ ಗೊತ್ತು. ಅವನು ತನ್ನ ಗುರುವಿನ ಹೆಸರನ್ನು ತನ್ನ ಹೆಸರಿನೊಂದಿಗೆ ಕೂಡಿಸಿ ಹೆರ್ಮನ್ ಆನಂದರಾವ್ ಕೌಂಡಿನ್ಯನೆನಿಸಿಕೊಂಡನು. ೧೮೪೬ರಲ್ಲಿ ಮೊಗ್ಲಿಂಗರು ಅವನನ್ನು ಬಾಸೆಲಿಗೆ ಕರೆದುಕೊಂಡು ಹೋದರು. ಅಲ್ಲಿ ಓದಿ, ೧೮೫೧ರಲ್ಲಿ ಪಾಲಕದೀಕ್ಷೆಯನ್ನು ಹೊಂದಿ ಅವನು ಸ್ವದೇಶಕ್ಕೆ ಮರಳಿದನು. ಶಿಷ್ಯನಾಗಿ ಹೋದವನು ಜೊತೆಸೇವಕನಾಗಿ ಬಂದನು.

ಪೌಲನು ಲುಸ್ತ್ರ, ಇಕೋನ್ಯ, ಪಿಸಿದ್ಯದ ಅಂತಿಯೋಕ್ಯಗಳಲ್ಲಿ ಸಭೆ ಸಭೆಗೆ ಹಿರಿಯರನ್ನು ನೇಮಿಸಿ, ಅವರನ್ನು ಕರ್ತನಿಗೆ ಒಪ್ಪಿಸಿ ಹೊರಟುಹೋದನು. ಆ ಹಿರಿಯರು ವಿಶ್ವಾಸಕ್ಕೆ ಬಂದು ಎಷ್ಟು ಕಾಲವಾಗಿತ್ತು? ಬಹಳ ಕಾಲವಾಗಿರಲಿಲ್ಲ. ಅವರೆಲ್ಲರೂ ವಿದ್ವಾಂಸರಾಗಿದ್ದರೋ? ಹಾಗೆಂದು ಎಲ್ಲಿಯೂ ಬರೆದಿಲ್ಲ. ಆದರೂ ಪೌಲನು ಅವರನ್ನು ನಂಬಿದನು. ಯಾಕಂದರೆ ಅವನು ಅವರನ್ನು ಒಪ್ಪಿಸಿದ್ದು ಕರ್ತನ ಕೈಗೆ. ಹೊರಗಿನಿಂದ ಬಂದ ಸೇವಕನ ಕೆಲಸವು ಒಳ್ಳೆಯದೋ ಅಲ್ಲವೋ ಎಂಬದು ಅವನು ಇರುವಾಗ ತಿಳಿಯುವದಿಲ್ಲ. ಅವನು ಹೋದ ಮೇಲೆ ತಿಳಿಯುವದು.

೪. ಅಥೇನೆ ಮತ್ತು ದಾಸರ ಪದಗಳು

ಎರಡನೆಯ ಪ್ರಯಾಣದಲ್ಲಿ ಪೌಲನು ಅಥೇನೆಗೆ ಬಂದಾಗ ಆ ಪಟ್ಟಣವನ್ನು ಸುತ್ತಿ ನೋಡಿದನು (ಅಪೊ. ಕೃ. ೧೭). ಅಲ್ಲಿನವರ ಬಲಿಪೀಠಗಳ ಮೇಲಿನ ಬರಹವನ್ನು ಓದಿದನು. ಅವರ ಕವಿಗಳ ಮಾತನ್ನು ಅರಿತಿದ್ದನು. ಪ್ರಸಂಗ ಮಾಡುವಾಗ ಅವರಿಗೆ ಗೊತ್ತಿದ್ದ ಮಾತಿನಿಂದಲೇ ಮೊದಲುಮಾಡಿದನು. ನೆರೆಯವನ ಮನಸ್ಸನ್ನು ತಿಳಿಯದೆ ಅವನೊಡನೆ ಮಾತಾಡುವವನು ಗೋಡೆಯ ಸಂಗಡ ಮಾತಾಡಿದಂತೆಯೇ.

ಮೊಗ್ಲಿಂಗರು ಈ ಪಾಠವನ್ನು ಕಲಿತವರಲ್ಲಿ ಮುಂದಿನವರು. ಅವರ ಸೋದರಸಂಬಂಧಿಯೂ ಜೊತೆಸೇವಕರೂ ಆದ ಗೋಟ್‌ಫ್ರೀಡ್ ವೈಗ್ಲೆಯವರು ೧೮೪೧ರಲ್ಲಿ ಬೊಂಬಾಯಿಯಿಂದ ಕಲ್ಲಚ್ಚಿನ ಯಂತ್ರವನ್ನು ಮಂಗಳೂರಿಗೆ ತಂದಿದ್ದರು. ೧೮೪೩ರ ಜುಲೈ ೧ರಂದು ಮೊಗ್ಲಿಂಗರು ಆ ಯಂತ್ರದಿಂದ ಮಂಗಳೂರ ಸಮಾಚಾರವೆಂಬ ಪತ್ರಿಕೆಯನ್ನು ಹೊರಡಿಸಿದರು. ಕನ್ನಡದ ಮೊದಲನೆಯ ವರ್ತಮಾನಪತ್ರವು ಅದೇ. ಹದಿನೈದು ದಿವಸಗಳಿಗೊಮ್ಮೆ ಹೊರಡುತ್ತಿದ್ದ ಆ ಪತ್ರಿಕೆಯಲ್ಲಿ ಊರವರ್ತಮಾನಗಳೂ, ಸರಕಾರದ ಕಾನೂನುಗಳೂ, ಹೊರದೇಶದ ಸುದ್ದಿಗಳೂ, ಗಾದೆ ಕಥೆ ಹಾಡುಗಳೂ ಇರುತ್ತಿದ್ದವು. ಸಾಮಾನ್ಯ ಜನರು ಲೋಕವನ್ನು ತಿಳಿದು ಮೋಸಹೋಗದಂತೆ ಬಾಳಬೇಕೆಂಬದು ಅದರ ಉದ್ದೇಶ. ಮರುವರುಷ ಅದು ಬಳ್ಳಾರಿಯಲ್ಲಿ ಅಚ್ಚಾಗತೊಡಗಿ ಕನ್ನಡ ಸಮಾಚಾರವೆಂಬ ಹೆಸರನ್ನು ತಾಳಿತು. ಜುಲೈ ೧ನ್ನು ಕರ್ನಾಟಕದ ಪತ್ರಕರ್ತರೆಲ್ಲರೂ, ಯಾವ ಮತದವರಾಗಿದ್ದರೂ, ಪತ್ರಿಕಾ ದಿನವಾಗಿ ಆಚರಿಸುತ್ತಾರೆ.

೧೮೪೮ರಿಂದ ೧೮೫೧ರ ವರೆಗೆ ಅವರು ಇನ್ನೊಂದು ದೊಡ್ಡ ಕೆಲಸವನ್ನು ಮಾಡಿದರು. ಕಾಸಾಮೇಜರ್ ಎಂಬ ನ್ಯಾಯಾಧೀಶರ ಹಣಸಹಾಯದಿಂದ, ಓಲೆಗರಿಗಳಲ್ಲಿಯೂ ಕೈಬರಹಗಳಲ್ಲಿಯೂ ಇದ್ದ ಹಳೆಯ ಕನ್ನಡ ಗ್ರಂಥಗಳನ್ನು ಕಲ್ಲಚ್ಚಿನಲ್ಲಿ ಅಚ್ಚುಹಾಕಿಸಿದರು. ಬಿಬ್ಲಿಯೋಥೆಕಾ ಕರ್ನಾಟಿಕಾ ಎಂಬ ಈ ಮಾಲೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಮುಂತಾದವು ಹೊರಬಂದವು. ದಾಸರ ಪದಗಳಲ್ಲಿ ಪುರಂದರದಾಸ ಕನಕದಾಸ ಮುಂತಾದವರ ಹಾಡುಗಳಿದ್ದವು. ಕನಕದಾಸರು ಹುಟ್ಟಿದ ಬಾಡವು ನಮ್ಮ ಶಿಗ್ಗಾಂವಿ ತಾಲೂಕಿನಲ್ಲಿಯೇ ಇದೆಯಷ್ಟೆ. ನಮ್ಮ ನೆರೆಯೂರಿನವರ ಹಾಡನ್ನು ಮೊದಲು ಅಚ್ಚುಹಾಕಿಸಿ ಲೋಕದ ಮುಂದಿಟ್ಟವರು ಕ್ರಿಸ್ತನ ಸೇವಕರೊಬ್ಬರೆಂಬದನ್ನು ನಮ್ಮಲ್ಲಿ ಎಷ್ಟು ಮಂದಿ ಅರಿತಿದ್ದಾರೆ? ಈ ವಿದ್ವತ್ಕಾರ್ಯಕ್ಕಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ೧೮೫೮ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು.

ಮೊಗ್ಲಿಂಗರು ಇದನ್ನು ಮಾಡಿದ್ದು ತಮ್ಮ ವಿಶ್ವಾಸವನ್ನು ಮರೆತು ಅಲ್ಲ. ಸುವಾರ್ತೆಯನ್ನು ಹೇಳಬೇಕಾದವನು ಮೊದಲು ಕಿವಿಗೊಡಬೇಕೆಂದು ಅವರು ಬಲ್ಲವರಾಗಿದ್ದರು. ಆ ಕಾಲದಲ್ಲಿಯೇ ಶಿಗ್ಗಾಂವಿ ಸೀಮೆಯ ಶಿಶುನಾಳದಲ್ಲಿ ಶರೀಫಸಾಹೇಬರು (೧೮೧೯-೧೮೮೯) ಬಾಳುತ್ತಿದ್ದರು. ಅವರ ಪದಗಳು ನಮ್ಮ ಹೊಲಗದ್ದೆಗಳಲ್ಲಿ ಇಂದಿಗೂ ಕೇಳಿಬರುತ್ತವೆ. ಇಂಥ ನಾಡಿನಲ್ಲಿ ಬಾಳುವ ನಾವು ನೆರೆಯವರ ಹಾಡನ್ನು ಹೀಯಾಳಿಸಿದರೆ ಅವರು ನಮ್ಮ ಕೀರ್ತನೆಗೆ ಕಿವಿಗೊಡುವದು ಹೇಗೆ? ನಿಂದೆಯಿಂದ ಮೊದಲಾದ ಪ್ರಸಂಗಕ್ಕೆ ಪೌಲನಲ್ಲಿ ಮಾದರಿಯಿಲ್ಲ.

೫. ತ್ರೋವ ಮತ್ತು ಕೊಡಗು

೧೮೫೩ರ ಆರಂಭದಲ್ಲಿ ಮೊಗ್ಲಿಂಗರು ದಣಿದವರಾಗಿ ಯುರೋಪಿಗೆ ಮರಳುವದಕ್ಕೆ ಸಿದ್ಧರಾಗಿದ್ದರು. ಆಗ ಕೊಡಗಿನಿಂದ ಅಲ್ಮಂಡ ಸೋಮಯ್ಯನೆಂಬವನು ಸನ್ಯಾಸಿಯ ವೇಷದಲ್ಲಿ ಮಂಗಳೂರಿಗೆ ಬಂದು ಮಿಶನರಿಗಳನ್ನು ಕಂಡನು. ಅವನು ಜನವರಿ ೬ರಂದು ದೀಕ್ಷಾಸ್ನಾನವನ್ನು ಹೊಂದಿದನು. ಆದರೆ ಸ್ವದೇಶಕ್ಕೆ ಹೋಗಿ ಹೆಂಡತಿ ಮಕ್ಕಳನ್ನೂ ಕುಲದವರನ್ನೂ ಎದುರಿಸುವದು ಅವನೊಬ್ಬನಿಗೆ ಸುಲಭವಾಗಿರಲಿಲ್ಲ. ಕೊಡಗಿನಲ್ಲಿ ಆಗ ಬಾಸೆಲ್ ಮಿಶನ್ನಿನ ಠಾಣ್ಯವಿರಲಿಲ್ಲ. ಮೊಗ್ಲಿಂಗರು ತಮ್ಮ ಪ್ರಯಾಣವನ್ನು ನಿಲ್ಲಿಸಿ, ಆ ಒಬ್ಬ ಮನುಷ್ಯನಿಗೋಸ್ಕರ ಅವನ ಸಂಗಡ ಕೊಡಗಿನ ಬೆಟ್ಟಗಳನ್ನು ಹತ್ತಿದರು.

ಪೌಲನು ಆಸ್ಯಸೀಮೆಗೆ ಹೋಗಬೇಕೆಂದಿದ್ದಾಗ ಆತ್ಮನು ತಡೆದನು. ಬಿಥೂನ್ಯಕ್ಕೆ ಹೋಗಬೇಕೆಂದಾಗ ಅಲ್ಲಿಯೂ ಬಿಡಲಿಲ್ಲ. ತ್ರೋವದಲ್ಲಿ ರಾತ್ರಿ ದರ್ಶನದೊಳಗೆ ಮಕೆದೋನ್ಯದವನೊಬ್ಬನು ನಿಂತು ಸಹಾಯಕ್ಕೆ ಕರೆದನು (ಅಪೊ. ಕೃ. ೧೬). ಮೊಗ್ಲಿಂಗರಿಗೆ ಆ ಮಕೆದೋನ್ಯದವನು ಹಗಲಿನಲ್ಲಿಯೇ ಕಾವಿಬಟ್ಟೆಯನ್ನುಟ್ಟು ಬಾಗಿಲಿಗೆ ಬಂದಿದ್ದನು. ನಮ್ಮ ಯೋಜನೆಗಳು ಮುರಿಯುವ ಸ್ಥಳದಲ್ಲಿಯೇ ದೇವರ ದಾರಿಯು ತೆರೆಯುವದುಂಟು.

ದೀಕ್ಷಾಸ್ನಾನದಲ್ಲಿ ಸೋಮಯ್ಯನಿಗೆ ಸ್ತೆಫನನೆಂದು ಹೆಸರಾಯಿತು. ಹಿಂಸೆಯಲ್ಲಿ ಸತ್ತ ಸ್ತೆಫನನ ಹೆಸರಲ್ಲ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಕೊನೆಯಲ್ಲಿ ಬರುವ ಸ್ತೆಫನನ ಹೆಸರು. ಅವನ ಮನೆಯವರು ಅಖಾಯದ ಪ್ರಥಮಫಲವೆಂದು ಪೌಲನು ಹೇಳಿದ್ದಾನೆ. ಕೊಡಗಿನ ಪ್ರಥಮಫಲಕ್ಕೆ ಈ ಹೆಸರು ಒಪ್ಪುವಂಥದ್ದೇ. ಕೊಡವರಲ್ಲಿ ಅವನನ್ನು ಹಿಂಬಾಲಿಸಿದವರು ಕೊಂಚವೇ. ಆದರೆ ಅಲ್ಲಿ ಜೀತದವರಂತೆ ದುಡಿಯುತ್ತಿದ್ದ ಬಡ ಕುಟುಂಬಗಳು ಸುವಾರ್ತೆಗೆ ಕಿವಿಗೊಟ್ಟವು. ಅವರಿಗೋಸ್ಕರ ಆನಂದಪುರವೆಂಬ ಊರು ಹುಟ್ಟಿತು. ಆನಂದರಾವ್ ಕೌಂಡಿನ್ಯರು ಅದಕ್ಕೆ ಕೈಯಾಸರೆಯಾದರು. ಕಾಡನ್ನು ಕಡಿದು, ತೋಟವನ್ನು ಬೆಳೆಸಿ, ಜನರು ಸ್ವಂತ ಕೈಗಳಿಂದ ದುಡಿದು ಉಣ್ಣುವದನ್ನು ಕಲಿತರು.

ಮಲಸಮುದ್ರಕ್ಕೂ ಆನಂದಪುರಕ್ಕೂ ಇರುವ ಭೇದವನ್ನು ಗಮನಿಸಿರಿ. ಮಲಸಮುದ್ರದಲ್ಲಿ ಊರು ಮೊದಲು ಸಿದ್ಧವಾಯಿತು, ಜನರಿಗಾಗಿ ಕಾದಿತು. ಆನಂದಪುರದಲ್ಲಿ ನಂಬಿದ ಜನರು ಮೊದಲು ಬಂದರು, ಅವರ ಹಿಂದೆ ಊರು ಉಂಟಾಯಿತು. ಪೌಲನು ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲರೊಡನೆ ಗುಡಾರಗಳನ್ನು ಹೊಲಿದು ಜೀವಿಸಿದ್ದು ಇದೇ ಕಾರಣಕ್ಕೆ: ಸುವಾರ್ತೆಯು ಯಾರಿಗೂ ಭಾರವಾಗಬಾರದು, ಸಭೆಯು ತನ್ನ ಕಾಲಮೇಲೆ ತಾನೇ ನಿಲ್ಲಬೇಕು.

೬. ಕೊನೆಯ ವರುಷಗಳು

ವೈಗ್ಲೆಯವರು ೧೮೫೫ರಲ್ಲಿ ತೀರಿಕೊಂಡರು. ಅವರ ವಿಧವೆಯಾದ ಪೌಲೀನಮ್ಮನವರನ್ನು ಮೊಗ್ಲಿಂಗರು ತರುವಾಯ ಮದುವೆಯಾದರು. ಪೌಲೀನಮ್ಮನವರ ಆರೋಗ್ಯವು ಕೆಟ್ಟದ್ದರಿಂದ ೧೮೬೦ರಲ್ಲಿ ಇಬ್ಬರೂ ಇಂಡಿಯವನ್ನು ಬಿಟ್ಟು ಹೋಗಬೇಕಾಯಿತು. ಮೊಗ್ಲಿಂಗರು ಮರಳಿ ಈ ನಾಡನ್ನು ನೋಡಲಿಲ್ಲ. ಆದರೂ ಕನ್ನಡವನ್ನು ಮರೆಯದೆ, ಕನ್ನಡ ಹಾಡುಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ತಮ್ಮ ದೇಶದವರಿಗೆ ತಿಳಿಸಿದರು. ೧೮೮೧ರ ಮೇ ೧೦ರಂದು ಎಸ್ಲಿಂಗೆನ್ ಪಟ್ಟಣದಲ್ಲಿ ಕರ್ತನಲ್ಲಿ ನಿದ್ರೆಹೋದರು.

ಅವರು ಈ ನ���ಡಿನಲ್ಲಿದ್ದದ್ದು, ನಡುವೆ ಸ್ವದೇಶಕ್ಕೆ ಹೋಗಿಬಂದ ಕಾಲವನ್ನೂ ಕೂಡಿಸಿ, ಇಪ್ಪತ್ತನಾಲ್ಕು ವರುಷ. ಅವರು ಹೋದ ಮೇಲೆ ಕೌಂಡಿನ್ಯರು ಮೂವತ್ತು ವರುಷಗಳಿಗಿಂತ ಹೆಚ್ಚುಕಾಲ ಬದುಕಿ ೧೮೯೩ರಲ್ಲಿ ತೀರಿಕೊಂಡರು. ಬಲ್ಮಠದಲ್ಲಿ ಕಲಿತವರು ಸಮುದ್ರತೀರದಲ್ಲಿಯೂ ಘಟ್ಟದ ಮೇಲೆಯೂ ಸಭೆಗಳನ್ನು ಕಾಯ್ದರು. ೧೯೧೪ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾದಾಗ ಸರಕಾರದವರು ಜರ್ಮನ್ ಮಿಶನರಿಗಳನ್ನು ಕಾವಲಿನಲ್ಲಿಟ್ಟು, ಬಳಿಕ ದೇಶದಿಂದ ಕಳುಹಿಸಿಬಿಟ್ಟರು. ಮಿಶನ್ನಿನ ಕಾರ್ಖಾನೆಗಳು ಪರರ ಕೈಸೇರಿದವು. ಆಗ ನಮ್ಮ ಸಭೆಗಳು ಮುಚ್ಚಿಹೋಗಬೇಕಾಗಿತ್ತಲ್ಲವೇ? ಮುಚ್ಚಿಹೋಗಲಿಲ್ಲ. ದೇಶೀಯ ಪಾಲಕರೂ ಉಪದೇಶಿಗಳೂ ಸಭೆಯ ಹಿರಿಯರೂ ದೀಪವನ್ನು ಕಾಯ್ದುಕೊಂಡರು. ಅದರ ಫಲವಾಗಿಯೇ ನಾವು ಇಂದು ಇದ್ದೇವೆ.

೭. ನಮ್ಮ ನಾಲ್ಕು ಸೀಮೆಗಳಿಗೆ ಬರುವ ಮಾತು

ಸವಣೂರಿನ ದೊಡ್ಡಹುಣಸೆ ಮರಗಳನ್ನು ನೀವೆಲ್ಲರೂ ನೋಡಿದ್ದೀರಿ. ಆ ಜಾತಿಯ ಮರವು ಆಫ್ರಿಕ ಖಂಡದ್ದು. ಬೀಜವನ್ನು ತಂದವರು ಹೋದರು. ಮರವು ನಮ್ಮ ಮಣ್ಣಿನ ನೀರನ್ನು ಕುಡಿದು ನಮ್ಮದೇ ಆಯಿತು. ಸುವಾರ್ತೆಯೂ ಹಾಗೆಯೇ. ಅದನ್ನು ತಂದವರ ದಾರಿಯನ್ನು ನೋಡುತ್ತಾ ಕೂತರೆ ನಾವು ಬೇರೂರಿದವರಲ್ಲವೆಂದು ನಾವೇ ಒಪ್ಪಿಕೊಂಡಂತಾಗುವದು.

ಹಾಗಾದರೆ ನಾವು ಮಾಡತಕ್ಕದ್ದೇನು? ಮೊದಲು, ಪಾಲಕರು ಬಾರದ ಭಾನುವಾರ ಯಾವ ಊರಿನಲ್ಲಿಯೂ ಆರಾಧನೆಯು ನಿಲ್ಲಬಾರದು. ಓದುಬಲ್ಲ ಒಬ್ಬ ಸಹೋದರನಾಗಲಿ ಸಹೋದರಿಯಾಗಲಿ ವೇದಪಾಠವನ್ನು ಓದಲಿ, ಹಿರಿಯರೊಬ್ಬರು ಪ್ರಾರ್ಥಿಸಲಿ, ಮಕ್ಕಳು ಹಾಡಲಿ. ಫಿಲಿಪ್ಪಿಯ ಸಭೆಯು ಹೊಳೆಯ ದಡದಲ್ಲಿ ಕೂತಿದ್ದ ಹೆಂಗಸರ ಪ್ರಾರ್ಥನೆಯಲ್ಲಿ ಮೊದಲಾಯಿತು, ಲುದ್ಯಳ ಮನೆಯಲ್ಲಿ ಬೆಳೆಯಿತು. ಪ್ರಾರ್ಥಿಸುವವರಿದ್ದರೆ ವರದಾ ನದಿಯ ದಡವೂ ಸಾಕು.

ಎರಡನೆಯದು, ಕೊಡುವದನ್ನು ನಾವು ಕಲಿಯಬೇಕು. ಮಕೆದೋನ್ಯದ ಸಭೆಗಳು ಬಹಳ ಬಡತನದಲ್ಲಿದ್ದರೂ ಯೂದಾಯದ ಸಹೋದರರಿಗೋಸ್ಕರ ಧಾರಾಳವಾಗಿ ಕೊಟ್ಟವೆಂದು ಪೌಲನು ಬರೆದಿದ್ದಾನೆ (೨ ಕೊರಿಂಥ ೮). ಅಡಿಗೆಗೆ ಅಳೆಯುವಾಗ ದಿನಕ್ಕೊಂದು ಹಿಡಿ ಅಕ್ಕಿ ಇಲ್ಲವೆ ಜೋಳವನ್ನು ಬೇರೆ ಗಡಿಗೆಯಲ್ಲಿ ಹಾಕುವ ಮನೆಯು ಬಡವಾಗದು. ತಾನು ಕೊಟ್ಟು ಸಾಕುವ ಸೇವೆಯನ್ನು ಸಭೆಯು ತನ್ನದೆಂದು ಪ್ರೀತಿಸುವದು.

ಮೂರನೆಯದು, ನಮ್ಮ ತರುಣರ ವಿಷಯ. ಮಳೆ ಕೈಕೊಟ್ಟ ವರುಷ ನಮ್ಮ ಹಳ್ಳಿಗಳಿಂದ ಎಷ್ಟೋ ಮಂದಿ ಹುಬ್ಬಳ್ಳಿ, ಬೆಂಗಳೂರು, ಗೋವೆಗಳಿಗೂ ಮಲೆನಾಡಿನ ತೋಟಗಳಿಗೂ ಕೂಲಿಗೆ ಹೋಗುತ್ತಾರೆ. ಅವರು ಹೋದದರಿಂದ ಸಭೆಯು ಬರಿದಾಯಿತೆಂದು ನಾವು ದುಃಖಿಸುತ್ತೇವೆ. ದುಃಖವು ಸಹಜವೇ. ಆದರೆ ಅಂತಿಯೋಕ್ಯದ ಸಭೆಯನ್ನು ಹುಟ್ಟಿಸಿದವರು ಇಂಥ ಚದರಿದವರೇ ಅಲ್ಲವೇ? ಹಿಂಸೆಯು ಅವರನ್ನು ಹೊರಡಿಸಿತು. ಇವರನ್ನು ಹೊಟ್ಟೆಯು ಹೊರಡಿಸುತ್ತದೆ. ಆದ್ದರಿಂದ ಹೊರಡುವ ಮಗನನ್ನೂ ಮಗಳನ್ನೂ ಬಸ್ಸು ಹತ್ತಿಸಿ ಸುಮ್ಮನೆ ಬಿಡದೆ, ಹಿಂದಿನ ಭಾನುವಾರ ಸಭೆಯ ಮುಂದೆ ನಿಲ್ಲಿಸಿ, ಹಿರಿಯರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಕೈಯಲ್ಲಿ ಒಂದು ಹೊಸ ಒಡಂಬಡಿಕೆಯನ್ನು ಕೊಟ್ಟು ಕಳುಹಿಸಿರಿ. ಹೋದಲ್ಲಿ ಅವರು ಪ್ರಾಮಾಣಿಕರಾಗಿ ದುಡಿದು, ಕುಡಿತಕ್ಕೆ ಬೀಳದೆ, ಜೊತೆಯ ಕೂಲಿಯವರ ಕಷ್ಟದಲ್ಲಿ ಪಾಲುಗಾರರಾದರೆ ಅದೇ ಅವರ ಸುವಾರ್ತಾಪ್ರಯಾಣ. ಅವರು ಅಲ್ಲಿ ಯಾವ ಸಭೆಯನ್ನು ಸೇರಿದರೆಂದು ವಿಚಾರಿಸುವದು ನಮ್ಮ ಹಿರಿಯರ ಕರ್ತವ್ಯ.

ನಾಲ್ಕನೆಯದು, ಒಬ್ಬ ಮನುಷ್ಯನನ್ನು ಸಣ್ಣವನೆಂದು ಎಣಿಸಬೇಡಿರಿ. ಒಬ್ಬ ಸೋಮಯ್ಯನಿಗೋಸ್ಕರ ಮೊಗ್ಲಿಂಗರು ಸ್ವದೇಶದ ದಾರಿಯನ್ನು ಬಿಟ್ಟರು. ನಮ್ಮ ಪಕ್ಕದ ಓಣಿಯಲ್ಲಿ ಸಭೆಗೆ ಬರುವದನ್ನು ಬಿಟ್ಟ ಒಬ್ಬನಿರಬಹುದು. ಗಂಡನು ತೀರಿಹೋದ ಮೇಲೆ ಯಾರೂ ವಿಚಾರಿಸದ ಒಬ್ಬಾಕೆಯಿರಬಹುದು. ಅಲ್ಲಿಗೆ ಹೋಗುವದಕ್ಕೆ ಘಟ್ಟವನ್ನು ಇಳಿಯಬೇಕಾಗಿಲ್ಲ, ಬೆಟ್ಟವನ್ನು ಹತ್ತಬೇಕಾಗಿಲ್ಲ. ಹೊಸ್ತಿಲನ್ನು ದಾಟಿದರೆ ಸಾಕು.

ಪೌಲನು ಎಫೆಸದಲ್ಲಿ ಸುಮಾರು ಮೂರು ವರುಷವಿದ್ದನು. ಆಮೇಲೆ ಅಲ್ಲಿನ ಹಿರಿಯರನ್ನು ಮಿಲೇತಕ್ಕೆ ಕರೆಯಿಸಿ, ಮಂದೆಯನ್ನು ಅವರಿಗೆ ಒಪ್ಪಿಸಿ, ಅಳುತ್ತಿದ್ದ ಅವರ ಸಂಗಡ ಮೊಣಕಾಲೂರಿ ಪ್ರಾರ್ಥಿಸಿ ಹಡಗನ್ನು ಹತ್ತಿದನು. ಹಡಗು ಮರೆಯಾಯಿತು, ಹಿರಿಯರು ಊರಿಗೆ ಮರಳಿದರು, ಯಾಕಂದರೆ ಊರಿನಲ್ಲಿ ಮಂದೆಯಿತ್ತು. ಹಾನಗಲ್ಲಿನ, ಶಿಗ್ಗಾಂವಿಯ, ಸವಣೂರಿನ, ಹಿರೇಕೆರೂರಿನ ಸಹೋದರ ಸಹೋದರಿಯರೇ, ನಮ್ಮ ಹಡಗು ಮರೆಯಾಗಿ ಬಹಳ ಕಾಲವಾಯಿತು. ಮಂದೆಯು ಇನ್ನೂ ಊರಿನಲ್ಲಿದೆ. ಅದನ್ನು ಕಾಯುವ ಕೃಪೆಯನ್ನು ಕರ್ತನು ನಮಗೂ ನಿಮಗೂ ಅನುಗ್ರಹಿಸಲಿ.